ಬಾಸ್ ಮೀನಿಗೆ ಗಾಳ ಆರಿಸುವ ಬಗೆ: ಮೊನೆ, ತಂತಿ, ಬಾಯಿಯ ಅಗಲ

ಬಾಸ್ ಎರೆಯನ್ನು ಹೀರಿ ಹಿಡಿಯುವ ಮೀನು. ಬಾಯಿ ತಟ್ಟನೆ ಅಗಲವಾಗಿ ತೆರೆದಾಗ ನೀರಿನ ಜೊತೆ ಎರೆಯೂ ಒಳಗೆ ನುಗ್ಗುತ್ತದೆ. ತಿನ್ನುವಂಥದ್ದಲ್ಲ ಎಂದು ಗೊತ್ತಾದರೆ ಅಷ್ಟೇ ಚುರುಕಾಗಿ ಉಗುಳಿಬಿಡುತ್ತದೆ. ಈ ಎರಡರ ನಡುವೆ ಮೊನೆ ಎಲ್ಲಾದರೂ ತಾಗಿ ನಿಲ್ಲಬೇಕು. ತಾಗುವ ಜಾಗ ಮೆತ್ತಗೇ ಇರುತ್ತದೆಂಬ ಭರವಸೆಯೂ ಇಲ್ಲ: ಬಾಯಿಯ ಮೂಲೆಯಲ್ಲಿ ತೆಳು ಚರ್ಮವಿದ್ದರೂ ಅಂಗುಳ ಮತ್ತು ದವಡೆಯ ಅಂಚು ಗಟ್ಟಿ ಮೂಳೆ. ಮೊಂಡಾದ ಮೊನೆ ಅಲ್ಲಿ ಜಾರುತ್ತದೆ, ಚೂಪಾದದ್ದು ಕಚ್ಚಿಕೊಳ್ಳುತ್ತದೆ.

ಇಲ್ಲಿ ಬಾಸ್ ಅಂದರೆ ಉತ್ತರ ಅಮೆರಿಕ ಮೂಲದ ಸಿಹಿನೀರಿನ ಲಾರ್ಜ್‌ಮೌತ್ ಮತ್ತು ಸ್ಮಾಲ್‌ಮೌತ್. ಹೆಸರೇ ಹೇಳುವಂತೆ ಎರಡನೆಯದರ ಬಾಯಿ ಚಿಕ್ಕದು. ಕೆಳಗೆ ಕೊಟ್ಟಿರುವ ಅಳತೆಗಳಲ್ಲಿ ಅದಕ್ಕೆ ಸಾಮಾನ್ಯವಾಗಿ ಒಂದು ಹಂತ ಚಿಕ್ಕದನ್ನು ಹಿಡಿಯಿರಿ.

ಮುಂದಿನ ಮಾತಿಗೆ ಬೇಕಾಗುವ ಭಾಗಗಳ ಹೆಸರು ಇಷ್ಟು: ದಾರ ಕಟ್ಟುವ ಉಂಗುರ ಕಣ್ಣು, ಅದರಿಂದ ಇಳಿಯುವ ನೇರ ಭಾಗ ದಂಟು, ತಿರುಗುವ ಜಾಗ ಬಾಗು, ತುದಿ ಮೊನೆ, ಮೊನೆಯ ಹಿಂದೆ ಎದ್ದಿರುವ ಚಿಕ್ಕ ಸೀಳು ಹಿಮ್ಮುಳ್ಳು. ದಂಟಿಗೂ ಮೊನೆಗೂ ನಡುವಿನ ಅಂತರ ಗಾಳದ ಬಾಯಿ.

ಮೊದಲು ತಂತಿಯ ದಪ್ಪ

ಅಂಗಡಿಯಲ್ಲಿ ಎಲ್ಲರ ಕಣ್ಣು ಹೋಗುವುದು ಸಂಖ್ಯೆಯ ಮೇಲೆ, ಗಾಳದ ಅಳತೆ 3/0 ಬೇಕೋ 4/0 ಬೇಕೋ ಎಂದು. ಅದಕ್ಕಿಂತ ಮೊದಲು ಕೇಳಬೇಕಾದದ್ದು ತಂತಿ ಎಷ್ಟು ದಪ್ಪ ಎಂದು. 20 ಮೀಟರ್ ದೂರದಲ್ಲಿ ಮೀನು ಹಿಡಿದಾಗ ಕೋಲನ್ನು ಎಷ್ಟೇ ಜೋರಾಗಿ ಎತ್ತಿದರೂ ಆ ಬಲವೆಲ್ಲ ಮೊನೆಗೆ ತಲುಪುವುದಿಲ್ಲ. ಕೋಲಿನ ಬಾಗು, ದಾರದ ಹಿಗ್ಗು, ನೀರಿನಲ್ಲಿ ಜೋತುಬಿದ್ದ ದಾರ, ಎಲ್ಲವೂ ಪಾಲು ಕೇಳುತ್ತವೆ. ಉಳಿದ ಬಲದಲ್ಲಿ ಮೊನೆಯಷ್ಟೇ ಅಲ್ಲ, ಹಿಮ್ಮುಳ್ಳೂ ಪೂರ್ತಿ ಒಳಗೆ ಇಳಿಯಬೇಕು. ತಂತಿ ದಪ್ಪವಾದಷ್ಟೂ ಅದಕ್ಕೆ ಹೆಚ್ಚು ಬಲ ಬೇಕು.

6ರಿಂದ 10 ಪೌಂಡ್ ಭಾರಕ್ಕೆ ಹರಿಯುವ ದಾರ, ಮೆತ್ತನೆಯ ಸ್ಪಿನ್ನಿಂಗ್ ರಾಡ್ (ಹಗುರ ಕೋಲು) ಇದ್ದರೆ ತೆಳು ತಂತಿಯ ಗಾಳವೇ ಸರಿ. 12ರಿಂದ 20 ಪೌಂಡ್ ಫ್ಲೋರೋಕಾರ್ಬನ್ (ಒಂಟಿ ಎಳೆಯ ಪ್ಲಾಸ್ಟಿಕ್ ದಾರ) ಹಾಕಿದ, ಇದಕ್ಕಿಂತ ಗಟ್ಟಿಯಾದ ಬೇಟ್‌ಕಾಸ್ಟಿಂಗ್ ರಾಡ್‌ಗೆ ನಡುತರದ ತಂತಿ. ದಟ್ಟ ಜೊಂಡಿನೊಳಗಿಂದ 50-65 ಪೌಂಡ್ ಬ್ರೇಡ್ (ಹೆಣೆದ) ದಾರದಲ್ಲಿ ಮೀನನ್ನು ಹೊರಗೆ ಜಗ್ಗಬೇಕಾದರೆ ದಪ್ಪ ತಂತಿ ಬಿಟ್ಟು ಬೇರೆ ದಾರಿಯಿಲ್ಲ. ಬ್ರೇಡ್ ಹಿಗ್ಗುವುದೇ ಇಲ್ಲ ಎನ್ನಬಹುದು, ಹಾಗಾಗಿ ಜಗ್ಗಿದ ಏಟು ನೇರ ಗಾಳದ ಬಾಗಿಗೆ ಬೀಳುತ್ತದೆ.

ಎರಡೂ ಕಡೆ ತಪ್ಪಲು ಸಾಧ್ಯ, ಎರಡರ ಲಕ್ಷಣವೂ ಬೇರೆ. ತೆಳು ದಾರಕ್ಕೆ ದಪ್ಪ ಗಾಳ ಕಟ್ಟಿದರೆ ಮೀನು ಸಿಕ್ಕಂತೆಯೇ ಅನ್ನಿಸುತ್ತದೆ, ನೀರಿನಿಂದ ಮೇಲೆ ಹಾರಿ ತಲೆ ಒದರಿದ ಕೂಡಲೇ ದಾರ ಸಡಿಲವಾಗುತ್ತದೆ. ಹಿಮ್ಮುಳ್ಳು ಹೊರಗೇ ಉಳಿದಿತ್ತು ಎಂದರ್ಥ. ಬ್ರೇಡ್‌ಗೆ ತೆಳು ಗಾಳ ಕಟ್ಟಿದರೆ ಮೀನು ದೋಣಿಯ ಹತ್ತಿರ ಬರುವವರೆಗೂ ಎಲ್ಲ ಸರಿ. ಅಲ್ಲಿ ದಾರ ಗಿಡ್ಡವಾಗಿ, ಮೀನು ಕೆಳಕ್ಕೆ ನುಗ್ಗಿದಾಗ ಬಾಗು ತೆರೆದುಕೊಳ್ಳುತ್ತದೆ. ಕೈಗೆ ಬರುವುದು ಅರ್ಧ ನೇರವಾದ ಕಂಬಿ.

ಪೊಟ್ಟಣದ ಮೇಲೆ 2ಎಕ್ಸ್ ಸ್ಟ್ರಾಂಗ್ ಎಂದಿದ್ದರೆ ಎರಡು ಹಂತ ದೊಡ್ಡ ಗಾಳದ ತಂತಿಯಿಂದ ಮಾಡಿದ್ದು ಎಂದು. 2ಎಕ್ಸ್ ಲಾಂಗ್ ಅಂದರೆ ದಂಟಿನ ಉದ್ದ ಎರಡು ಹಂತ ದೊಡ್ಡದರಷ್ಟು. ಫೋರ್ಜ್ಡ್ ಎಂದಿದ್ದರೆ ತಂತಿಯನ್ನು ಎರಡೂ ಬದಿಯಿಂದ ಜಜ್ಜಿ ಚಪ್ಪಟೆ ಮಾಡಿರುತ್ತಾರೆ. ಬಾಗನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದರೆ ತಿಳಿಯುತ್ತದೆ. ಅದೇ ದಪ್ಪದ ದುಂಡು ತಂತಿಗಿಂತ ಇದು ತೆರೆದುಕೊಳ್ಳುವುದು ಕಡಿಮೆ.

ಮನೆಯಲ್ಲೇ ಪರೀಕ್ಷೆ

ಹೊಸ ಬಗೆಯ ಗಾಳ ತಂದಾಗ ಒಂದನ್ನು ಪರೀಕ್ಷೆಗೆ ಬಲಿಕೊಡುವುದು ಲಾಭದ ವ್ಯವಹಾರ. ಕಾಗದದ ಮೇಲಿಟ್ಟು ಚೂಪಾದ ಪೆನ್ಸಿಲ್‌ನಿಂದ ಅದರ ಅಂಚನ್ನು ಗೀಚಿಕೊಳ್ಳಿ. ಗಟ್ಟಿ ಮರಕ್ಕೆ ತಿರುಪಿನ ಕೊಂಡಿಯೊಂದನ್ನು ಹಾಕಿ, ಬಾಗು ಅದರ ಮೇಲೆ ಕೂರುವಂತೆ ಗಾಳವನ್ನು ಸಿಕ್ಕಿಸಿ. ನೀವು ಬಳಸುವ ದಾರವನ್ನೇ ಗಾಳದ ಕಣ್ಣಿಗೆ ಕಟ್ಟಿ, ಇನ್ನೊಂದು ತುದಿಯನ್ನು ಸಾಮಾನು ತೂಗುವ ಕೊಕ್ಕೆ ತಕ್ಕಡಿಗೆ ಕಟ್ಟಿ ನಿಧಾನವಾಗಿ ಎಳೆಯಿರಿ. ನಿಮ್ಮ ಕಣ್ಣಿಗೆ ಕನ್ನಡಕ ಇರಲಿ, ಎಳೆಯುವ ಗೆರೆಯಿಂದ ಪಕ್ಕಕ್ಕೆ ನಿಲ್ಲಿ. ಕಿತ್ತುಬಂದ ಗಾಳ ಗುಂಡಿನಂತೆ ಹಾರುತ್ತದೆ.

ಎಷ್ಟು ಎಳೆಯಬೇಕು? ರೀಲ್‌ನ ಡ್ರ್ಯಾಗ್ ಅನ್ನು (ಮೀನು ಜೋರಾಗಿ ಎಳೆದಾಗ ದಾರ ಬಿಡುವ ತಡೆ) ಸಾಮಾನ್ಯವಾಗಿ ದಾರ ಹರಿಯುವ ಭಾರದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಡುತ್ತಾರೆ. 8 ಪೌಂಡ್ ದಾರ ಅಂದರೆ ಸುಮಾರು 3.6 ಕೆಜಿ, ಡ್ರ್ಯಾಗ್ 1 ಕೆಜಿ ಆಸುಪಾಸು. ಏಟಿನ ಬಲ ಇದಕ್ಕಿಂತ ಹೆಚ್ಚಿರುವುದರಿಂದ ಡ್ರ್ಯಾಗ್‌ನ ಎರಡರಷ್ಟು ಎಳೆಯಿರಿ, ಇಲ್ಲಿ 2 ಕೆಜಿ. ಬಿಚ್ಚಿ ಮತ್ತೆ ಪೆನ್ಸಿಲ್ ಗೆರೆಯ ಮೇಲಿಡಿ. ಎಳೆಯುವಾಗ ಗಾಳ ಚೂರು ಅಗಲವಾಗಿ, ಬಿಟ್ಟಾಗ ಗೆರೆಗೆ ಸರಿಯಾಗಿ ಕೂತರೆ ಉಕ್ಕಿನ ಹದ ಚೆನ್ನಾಗಿದೆ. ಗೆರೆಯ ಆಚೆಗೇ ನಿಂತರೆ ಆ ದಾರಕ್ಕೆ ಆ ಗಾಳ ಬೇಡ. ಕೊನೆಗೆ ಇಕ್ಕಳದಲ್ಲಿ ಹಿಡಿದು ಬಾಗನ್ನು ಬಿಡಿಸಿ ನೋಡಿ: ಬಾಗಲು ಹಟ ಮಾಡಿ ಆಮೇಲೆ ಸೋಲಬೇಕು. ಸ್ವಲ್ಪವೂ ಬಾಗದೆ ಪಟ್ಟನೆ ಮುರಿದರೆ ಹದ ಮೀರಿದ ಉಕ್ಕು. ಇಡೀ ಪೊಟ್ಟಣವನ್ನೇ ಅನುಮಾನಿಸಿ.

ಸಂಖ್ಯೆ ಮತ್ತು ಬಾಯಿ

ಅಳತೆಯ ಲೆಕ್ಕ ಹೊಸಬರ ತಲೆ ತಿರುಗಿಸಿಬಿಡುತ್ತದೆ. 10, 8, 6, 4, 2, 1 ಎಂದು ಸಂಖ್ಯೆ ಇಳಿದಂತೆ ಗಾಳ ದೊಡ್ಡದಾಗುತ್ತದೆ. 1 ದಾಟಿದ ಮೇಲೆ 1/0, 2/0, 3/0 ಎಂದು ಸಂಖ್ಯೆಯೂ ಏರುತ್ತದೆ, ಗಾಳವೂ ದೊಡ್ಡದಾಗುತ್ತದೆ. ಇದಕ್ಕೆ ಎಲ್ಲರೂ ಒಪ್ಪಿದ ಮಾನದಂಡವಿಲ್ಲ. ಜಪಾನಿನ ಗಾಮಕಾತ್ಸು, ಓನರ್, ನಾರ್ವೆಯ ಮುಸ್ತಾದ್, ಫ್ರಾನ್ಸಿನ ವಿಎಂಸಿ, ಇವರಲ್ಲಿ ಯಾರ ಅಳತೆಯೂ ಇನ್ನೊಬ್ಬರಿಗೆ ಕರಾರುವಾಕ್ಕಾಗಿ ಹೊಂದುತ್ತದೆಂದು ನಂಬಬೇಡಿ. ಕಂಪನಿ ಬದಲಿಸಿದರೆ ಹಳೆಯ ಗಾಳವನ್ನು ಹೊಸದರ ಪಕ್ಕ ಇಟ್ಟು ನೋಡಿಯೇ ಕೊಳ್ಳಿ.

ಸಂಖ್ಯೆಗಿಂತ ನಂಬಬಹುದಾದದ್ದು ಬಾಯಿಯ ಅಗಲ. ಎರೆಯಾಗಿ ಬಳಸುವ ಪ್ಲಾಸ್ಟಿಕ್ ಹುಳದ ಪಕ್ಕ ಗಾಳ ಹಿಡಿಯಿರಿ; ಹುಳದ ದಪ್ಪದ ಸುಮಾರು ಎರಡರಷ್ಟು ಬಾಯಿ ಇರಬೇಕು. ಜಗ್ಗಿದಾಗ ಪ್ಲಾಸ್ಟಿಕ್ ಕೆಳಗೆ ಜಾರಿ ಬಾಗಿನಲ್ಲಿ ಮುದ್ದೆಯಾಗುತ್ತದೆ. ಅಲ್ಲಿ ಜಾಗವಿಲ್ಲದಿದ್ದರೆ ಮೊನೆಯ ಮುಂದೆ ಮೀನಿನ ಬಾಯಿಯ ಬದಲು ಪ್ಲಾಸ್ಟಿಕ್ಕೇ ಇರುತ್ತದೆ. ಹಾಗೆಂದು ಬೇಕಾಬಿಟ್ಟಿ ದೊಡ್ಡದು ಹಾಕಿದರೆ ಹುಳ ಸೆಟೆದು ನಿಲ್ಲುತ್ತದೆ, ಜೀವವಿರುವಂತೆ ಅಲುಗುವುದಿಲ್ಲ.

ಶುರುಮಾಡಲು ಈ ಅಳತೆಗಳು ಸಾಕು, ಆಮೇಲೆ ಹುಳ ನೋಡಿ ಹೆಚ್ಚುಕಡಿಮೆ ಮಾಡಿಕೊಳ್ಳಿ:

- ಡ್ರಾಪ್ ಶಾಟ್ (ಗಾಳದ ಕೆಳಗೆ ದಾರದ ತುದಿಯಲ್ಲಿ ಭಾರ ಕಟ್ಟುವ ಬಗೆ), 3-4 ಇಂಚಿನ ಸಣ್ಣ ಹುಳ: 2 ಅಥವಾ 1, ತೆಳು ತಂತಿ
- ನಡುವೆ ಚುಚ್ಚುವ ವ್ಯಾಕಿ ರಿಗ್, 5 ಇಂಚಿನ ಕಡ್ಡಿ ಹುಳ: 1/0 ಅಥವಾ 2/0
- ಟೆಕ್ಸಸ್ ರಿಗ್ (ಮೊನೆಯನ್ನು ಹುಳದೊಳಗೆ ಮುಚ್ಚಿಡುವ ಬಗೆ), 6-7 ಇಂಚಿನ ತೆಳ್ಳನೆಯ ಹುಳ: 3/0. 10 ಇಂಚಿನದಕ್ಕೆ 5/0
- ಟೆಕ್ಸಸ್ ರಿಗ್, 5 ಇಂಚಿನ ದಪ್ಪ ಕಡ್ಡಿ ಹುಳ: 3/0 ಅಥವಾ 4/0, ಅಗಲ ಬಾಯಿಯದು
- ಜೊಂಡಿನೊಳಗೆ ಇಳಿಸುವ 4 ಇಂಚಿನ ಏಡಿ ಆಕಾರದ್ದು: 4/0, ನೇರ ದಂಟು, ದಪ್ಪ ತಂತಿ

ಅಗಲ ಬಾಯಿಯ ಗಾಳ ದಪ್ಪ ಹುಳಕ್ಕೆ ಹೇಳಿಮಾಡಿಸಿದ್ದು. ಅದನ್ನೇ ಎಲ್ಲದಕ್ಕೂ ಹಾಕುವುದು ಮಾತ್ರ ಸೋಮಾರಿತನ. ಅದರ ಮೊನೆ ಕಣ್ಣಿನ ಮಟ್ಟಕ್ಕೇ ಇರುತ್ತದೆ, ಹಾಗಾಗಿ ಮೀನಿನ ಮುಚ್ಚಿದ ಬಾಯಿಯಿಂದ ಕೆಲವೊಮ್ಮೆ ಏನನ್ನೂ ಹಿಡಿಯದೆ ಜಾರಿ ಬರುತ್ತದೆ. ತೆಳು ಹುಳಕ್ಕೆ ದುಂಡು ಬಾಗಿನ ಹಳೆಯ ಮಾದರಿಯೇ ಚೆನ್ನಾಗಿ ಕಚ್ಚುತ್ತದೆ. ನೇರ ದಂಟಿನದಕ್ಕೆ ಸ್ನೆಲ್ ಗಂಟು (ದಾರವನ್ನು ಕಣ್ಣಿನಲ್ಲಿ ತೂರಿಸಿ ದಂಟಿಗೆ ಸುತ್ತುವ ಗಂಟು) ಹಾಕುವಾಗ ದಾರ ಕಣ್ಣಿನ ಮೊನೆಯ ಬದಿಯಿಂದ ಹೊರಡಬೇಕು. ಆಗ ಜಗ್ಗಿದ ಕ್ಷಣ ಮೊನೆ ಹೊರಕ್ಕೆ ತಿರುಗಿ ಚುಚ್ಚುತ್ತದೆ. ತಿರುಗುಮುರುಗಾಗಿ ಕಟ್ಟಿದರೆ ಈ ಗುಣವೇ ಇಲ್ಲವಾಗುತ್ತದೆ.

ಮೊನೆ

ಸೂಜಿಯಂತೆ ದುಂಡಗೆ ಕಿರಿದಾಗುವ ಮೊನೆ ಸಣ್ಣ ತೂತು ಮಾಡಿ ಒಳಹೋಗುತ್ತದೆ, ತೂತು ಬೇಗ ಅಗಲವಾಗುವುದಿಲ್ಲ. ಅಂಚುಗಳಿರುವ ಕತ್ತಿ ಮೊನೆ ಇನ್ನೂ ಸುಲಭವಾಗಿ ಇಳಿಯುತ್ತದೆ, ಆದರೆ ಮೀನು ಬಹಳ ಹೊತ್ತು ಎಳೆದಾಡಿದರೆ ಸೀಳು ದೊಡ್ಡದಾಗಬಹುದು. ಒಳಕ್ಕೆ ಚೂರು ಬಾಗಿಸಿದ ಮೊನೆ ಹಿಡಿದದ್ದನ್ನು ಬಿಡುವುದು ಕಷ್ಟ. ಕಲ್ಲು ತುಂಬಿದ ತಳದಲ್ಲಿ ಉದ್ದನೆಯ ಅತಿ ತೆಳು ಮೊನೆ ಬೇಗ ಮಡಚಿಕೊಳ್ಳುತ್ತದೆ. ಅಲ್ಲಿ ಸ್ವಲ್ಪ ಗಿಡ್ಡದು ಬಾಳಿಕೆ ಬರುತ್ತದೆ.

ರಾಸಾಯನಿಕವಾಗಿ ಚೂಪು ಮಾಡಿದ್ದು ಎಂದರೆ, ಯಂತ್ರದಲ್ಲಿ ಅರೆದ ಮೇಲೆ ಆಮ್ಲದಲ್ಲಿ ಅದ್ದಿ ಗೀರುಗಳನ್ನು ಕರಗಿಸಿದ್ದು. ಕಪ್ಪು ನಿಕಲ್, ಕಂಚಿನ ಬಣ್ಣ, ತವರದ ಲೇಪ, ಇವೆಲ್ಲ ತುಕ್ಕು ತಡೆಯಲು. ಕೆಂಪು ಬಣ್ಣಕ್ಕೆಂದು ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. ಆ ಹಣದಲ್ಲಿ ಇನ್ನೊಂದು ಪೊಟ್ಟಣ ತರುವುದು ಮೇಲು.

ಪರೀಕ್ಷೆಗೆ ಉಗುರು ಸಾಕು. ದಂಟನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಓರೆಯಾಗಿ ಇಟ್ಟು, ಗಾಳದ ಸ್ವಂತ ಭಾರದಲ್ಲೇ ಎಳೆಯಿರಿ. ಒತ್ತಬೇಡಿ. ಚೂಪಿದ್ದರೆ ಅಲ್ಲೇ ತಡೆದು ನಿಲ್ಲುತ್ತದೆ. ಜಾರಿದರೆ ಮೊಂಡು. ನಿಲ್ಲದೆ ಅಗಲವಾದ ಬಿಳಿ ಗೀರು ಬಿದ್ದರೆ ತುದಿ ಮಡಚಿದೆ. ಬೆಳಕಿಗೆ ಹಿಡಿದರೆ ಮಡಚಿದ ಜಾಗ ಚುಕ್ಕೆಯಂತೆ ಮಿನುಗುತ್ತದೆ, ಚೂಪಾದ ತುದಿ ಮಿನುಗುವುದಿಲ್ಲ. ಹೊಸ ಪೊಟ್ಟಣದ್ದನ್ನೂ ಒಂದೊಂದಾಗಿ ನೋಡಿ. ನೀರಿನಲ್ಲಿ ಕಲ್ಲಿಗೋ ಕೊರಡಿಗೋ ಸಿಕ್ಕಿ ಬಿಡಿಸಿಕೊಂಡ ಪ್ರತಿ ಸಲವೂ, ಮೀನು ಹಿಡಿದ ಪ್ರತಿ ಸಲವೂ ಮತ್ತೆ ನೋಡಿ.

ಕಣ್ಣಿನ ಬಿರುಕು

ಯಾರೂ ನೋಡದ ಜಾಗ ಇದು. ತಂತಿಯನ್ನು ಸುತ್ತಿ ಕಣ್ಣು ಮಾಡಿದಾಗ ತುದಿ ದಂಟಿಗೆ ಪೂರ್ತಿ ಮುಟ್ಟದಿದ್ದರೆ ಕೂದಲೆಳೆಯಷ್ಟು ಬಿರುಕು ಉಳಿಯುತ್ತದೆ. ತೆಳು ಬ್ರೇಡ್ ಅದರೊಳಗೆ ನುಸುಳಿ ಕಳಚಿಕೊಳ್ಳುತ್ತದೆ, ಫ್ಲೋರೋಕಾರ್ಬನ್ ಅದರ ಅಂಚಿಗೆ ಸವೆದು ಗಂಟಿನಲ್ಲೇ ಹರಿಯುತ್ತದೆ. ಗಂಟು ಸರಿಯಿರಲಿಲ್ಲ ಎಂದು ನಮ್ಮನ್ನೇ ಬೈದುಕೊಳ್ಳುತ್ತೇವೆ. ದಾರದ ತುಂಡೊಂದನ್ನು ಕಣ್ಣಿನ ಒಳಸುತ್ತಿನಲ್ಲಿ ಒತ್ತಿ ಹಿಡಿದು ಸುತ್ತ ಎಳೆದು ನೋಡಿ. ಎಲ್ಲಾದರೂ ತಡೆದರೆ ಆ ಗಾಳ ಬಿಡಿ.

ಮೂರು ಮೊನೆಯ ಗಾಳ

ಲ್ಯೂರ್ (ಮೀನಿನಂತೆ ಕಾಣುವ ಗಟ್ಟಿ ನಕಲಿ ಎರೆ) ಜೊತೆ ಬರುವ ಮೂರು ಮೊನೆಯವು ಎಲ್ಲ ಸಲವೂ ಒಳ್ಳೆಯವಾಗಿರುವುದಿಲ್ಲ. ಸಣ್ಣ ಕ್ರ್ಯಾಂಕ್‌ಬೇಟ್, ಜರ್ಕ್‌ಬೇಟ್‌ಗಳಿಗೆ ಹೆಚ್ಚಾಗಿ 6, ನಡುಗಾತ್ರಕ್ಕೆ 4, ನೀರಿನ ಮೇಲೆ ಓಡುವ ದೊಡ್ಡವಕ್ಕೆ 2. ಬದಲಿಸುವಾಗ ಹಳೆಯದನ್ನೂ ಹೊಸದನ್ನೂ ಸಣ್ಣ ತಕ್ಕಡಿಯಲ್ಲಿ ತೂಗಿ. ನೀರಿನ ನಡುವೆ ತೇಲಿ ನಿಲ್ಲಬೇಕಾದ ಜರ್ಕ್‌ಬೇಟ್, ಗ್ರಾಮಿಗಿಂತ ಕಡಿಮೆ ಭಾರ ಹೆಚ್ಚಾದರೂ ಮುಳುಗಲು ಶುರುಮಾಡುತ್ತದೆ. ಮುಂದಿನ ಗಾಳವೂ ಹಿಂದಿನದೂ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆಯೇ ಎಂದು ಕೈಯಲ್ಲಿ ತಿರುಗಿಸಿ ನೋಡಿ. ಉಗುರಿನ ಪರೀಕ್ಷೆ ಮೂರೂ ಮೊನೆಗೆ ಬೇರೆ ಬೇರೆ ಆಗಬೇಕು. ಹಿಡಿದ ಮೀನನ್ನು ಬಿಡುವವರು ಇಕ್ಕಳದಿಂದ ಹಿಮ್ಮುಳ್ಳು ಒತ್ತಿ ಮಟ್ಟಮಾಡಬಹುದು; ಆಮೇಲೆ ದಾರ ಒಂದು ಗಳಿಗೆಯೂ ಸಡಿಲವಾಗಕೂಡದು.

ಅರ, ತುಕ್ಕು, ಎಸೆಯುವುದು

ಮೊಂಡಾದ ದೊಡ್ಡ ಗಾಳವನ್ನು ಸಣ್ಣ ವಜ್ರದ ಅರದಿಂದ ಸರಿಮಾಡಬಹುದು. ಎರಡು ಬದಿ, ಒಂದು ಹೊರಮೈ, ಮೂರಕ್ಕೂ ಮೊನೆಯ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಮೂರು ನಾಲ್ಕು ಹಗುರ ಎಳೆತ. ಅಡ್ಡಡ್ಡ ಉಜ್ಜಿದರೆ ತುದಿ ಗರಗಸವಾಗುತ್ತದೆ, ಹೆಚ್ಚು ಉಜ್ಜಿದರೆ ಮೊನೆ ತೆಳುವಾಗಿ ಮೊದಲ ಮೂಳೆಗೇ ಮಡಚುತ್ತದೆ. ಅರ ತಾಗಿದ ಕಡೆ ಲೇಪ ಹೋಗಿರುತ್ತದೆ, ತುಕ್ಕು ಅಲ್ಲಿಂದಲೇ ಶುರು. ತೆಳು ತಂತಿಯ ಸಣ್ಣ ಗಾಳಕ್ಕೆ ಈ ಶ್ರಮ ದಂಡ. ಬಾಗು ತೆರೆದದ್ದನ್ನು ಇಕ್ಕಳದಿಂದ ಮತ್ತೆ ಮಡಚಿ ಬಳಸುವುದಂತೂ ಬೇಡ. ಒಮ್ಮೆ ಬಾಗಿ ಮತ್ತೆ ಬಾಗಿದ ಉಕ್ಕು ಅಲ್ಲೇ ಮುರಿಯುತ್ತದೆ.

ಒದ್ದೆ ಗಾಳವನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಪಕ್ಕದಲ್ಲಿರುವ ಹೊಸವೂ ಕೆಡುತ್ತವೆ. ಬಟ್ಟೆಯಲ್ಲಿ ಒರೆಸಿ, ಮುಚ್ಚಳ ತೆಗೆದು ಒಂದು ರಾತ್ರಿ ಬಿಟ್ಟು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಎತ್ತಿಡಿ. ಉಪ್ಪು ಬೆರೆಸಿದ ಪ್ಲಾಸ್ಟಿಕ್ ಹುಳವನ್ನು ಗಾಳದಲ್ಲೇ ಬಿಟ್ಟು ಮನೆಗೆ ತರಬೇಡಿ, ಹುಳದೊಳಗಿನ ಭಾಗ ಬೇಗ ಕಂದುಗಟ್ಟುತ್ತದೆ. ಕೆಟ್ಟವನ್ನು ಒಳ್ಳೆಯವುಗಳ ಡಬ್ಬಿಯಲ್ಲಿ ಉಳಿಸಿಕೊಂಡರೆ ಅವಸರದಲ್ಲಿ ಕೈಗೆ ಸಿಗುವುದು ಅವೇ. ಇಕ್ಕಳದಿಂದ ಮೊನೆ ಕತ್ತರಿಸಿ, ಬಿಗಿ ಮುಚ್ಚಳದ ಖಾಲಿ ಶೀಶೆಗೆ ಹಾಕುತ್ತಾ ಹೋಗಿ. ತುಂಬಿದ ಮೇಲೆ ಮುಚ್ಚಳ ಸಮೇತ ಕಸಕ್ಕೆ ಹಾಕಿ.