ಪೈಪಿಗೆ ಯಾವ ಮರ? ಪುಣೆಯಲ್ಲಿ ನಾನು ಬಳಸಿ ನೋಡಿದ ಮರಗಳು

ತಂಬಾಕಿನ ಪೈಪಿಗೆ ಬ್ರೈಯರ್‌ಗೆ ಸಾಟಿಯಾದ ಮರ ನನ್ನ ಕೈಗೆ ಸಿಕ್ಕಿಲ್ಲ. ಅದು ಮೆಡಿಟರೇನಿಯನ್ ತೀರದ ಎರಿಕಾ ಅರ್ಬೋರಿಯಾ ಪೊದೆಯ ಬುಡದಲ್ಲಿ, ನೆಲದ ಮಟ್ಟದಲ್ಲಿ ಬೆಳೆಯುವ ಗಂಟು. ಗಂಟೆಗಟ್ಟಲೆ ಕುದಿಸಿ ಒಗರು ತೆಗೆದು, ತಿಂಗಳುಗಟ್ಟಲೆ ಒಣಗಿಸಿದ್ದು ಬರುತ್ತದೆ. ಬೆಂಕಿ ತಡೆಯುತ್ತದೆ, ಹೊಗೆಯ ತೇವ ಹೀರುತ್ತದೆ. ಆದರೆ ಆಮದು ತುಂಡು ದುಬಾರಿ. ಕೈ ಪಳಗುವ ತನಕ ಇಲ್ಲಿಯ ಮರವೇ ಸಾಕು.

ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ಸಾಗುವಾನಿ ತುಂಡು ಧಾರಾಳ. ಅದು ಬೇಡವೇ ಬೇಡ: ಎಣ್ಣೆಯಂಶವಿದೆ, ಬಿಸಿಯಾದರೆ ಅದರದೇ ವಾಸನೆ ಮೇಲಾಗುತ್ತದೆ. ಬೀಟೆ, ಶೀಶಮ್ ನೋಡಲು ಚೆಂದ, ಆದರೆ ಹೊಗೆಗೆ ಕಹಿ ಬರುತ್ತದೆ. ಧೂಳು ಕೆಲವರ ಚರ್ಮಕ್ಕೂ ಮೂಗಿಗೂ ಆಗುವುದಿಲ್ಲ, ಮಾಸ್ಕ್ ಬೇಕೇ ಬೇಕು. ಹುಣಸೆಯ ಚೇಗು ಬಲು ಗಟ್ಟಿ, ಆದರೆ ನಾರು ಹೆಣೆದುಕೊಂಡಿರುವುದರಿಂದ ಉಳಿ ಬೇಗ ಮೊಂಡಾಗುತ್ತದೆ. ನನಗೆ ಹಿಡಿಸಿದ್ದು ಪೇರಲೆ: ನುಣ್ಣನೆಯ ಎಳೆ, ವಾಸನೆಯಿಲ್ಲ. ಗೋವಾ ಕಡೆಯವರು ಗೇರು, ಕಣಗಿಲೆ, ಕಾಸರ್ಕ ಮುಟ್ಟಲೇಬಾರದು. ಗೇರಿನ ಸೊನೆ ಚರ್ಮ ಸುಡುತ್ತದೆ, ಉಳಿದೆರಡು ವಿಷ.

ಪೇರಲೆಯ ತೊಂದರೆ ಒಣಗುವಾಗ ಸೀಳುವುದು. ಹಸಿ ಕೊರಡನ್ನು ನಡುವೆ ಸೀಳಿ, ತಿರುಳು ತೆಗೆದು, ಎರಡೂ ತುದಿಗೆ ಮೇಣ ಬಳಿದು ನೆರಳಲ್ಲಿಡುತ್ತೇನೆ. ಹದಿನೈದು ದಿನಕ್ಕೊಮ್ಮೆ ತೂಗಬೇಕು; ಮೂರು ಸಲ ತೂಕ ಒಂದೇ ಬಂದರೆ ಒಣಗಿದೆ ಎಂದರ್ಥ. ಮುಂಬೈ ಮಳೆಗಾಲದ ತೂಕವನ್ನು ನಂಬಬೇಡಿ, ಬೇಸಿಗೆಯದ್ದೇ ಲೆಕ್ಕ. ಕೊರೆಯುವ ಮುನ್ನ ಸ್ಪಿರಿಟ್ ಒರೆಸಿ ನೋಡಿ: ಸುತ್ತಲೂ ಆರಿದ ಮೇಲೂ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿದರೆ ಅಲ್ಲಿ ಬಿರುಕಿದೆ.

ಆಕಾರ ಕೊಡುವ ಮೊದಲೇ, ತುಂಡು ಚೌಕವಾಗಿದ್ದಾಗಲೇ ಕೊರೆಯಬೇಕು. ತಂಬಾಕಿನ ಗುಳಿ 19 ಮಿ.ಮೀ. ಅಗಲ, 38 ಮಿ.ಮೀ. ಆಳ, ಹೊಗೆ ದಾರಿ 4 ಮಿ.ಮೀ. ಈ ದಾರಿ ಗುಳಿಯ ತಳಕ್ಕೇ ಬಂದು ಸೇರಬೇಕು. ಮೇಲೆ ಸೇರಿದರೆ ತಳದಲ್ಲಿ ಒದ್ದೆ ತಂಬಾಕು ಉರಿಯದೆ ಉಳಿಯುತ್ತದೆ. ಬ್ರೈಯರ್‌ಗೆ 6 ಮಿ.ಮೀ. ಗೋಡೆ ನಡೆಯುತ್ತದೆ, ಪೇರಲೆಗೆ ನಾನು 9 ಬಿಡುತ್ತೇನೆ. ಗುಳಿಯೊಳಗೆ ಚೇಗಿನ ಸುತ್ತಲಿನ ಬಿಳಿ ಮರ ಬರಬಾರದು, ಸುಟ್ಟು ತೂತಾಗುವುದು ಸಾಮಾನ್ಯವಾಗಿ ಅಲ್ಲೇ.

ಒಳಗೆ ಆಕ್ಟಿವೇಟೆಡ್ ಇದ್ದಿಲ ಪುಡಿಯನ್ನು ಹುಳಿ ಮಜ್ಜಿಗೆಯಲ್ಲಿ ಕಲಸಿ ಬೆರಳಿಂದ ಸವರಿ. ಹೊಗೆ ದಾರಿಗೆ ಪೈಪ್ ಕ್ಲೀನರ್ (ನೂಲು ಸುತ್ತಿದ ತಂತಿ) ತೂರಿಸಿಟ್ಟಿರಿ, ಎರಡು ದಿನ ಒಣಗಲಿ. ಹೊರಗೆ ವಾರ್ನಿಶ್, ಅರಗು ಬೇಡ, ಬಿಸಿಗೆ ಮೆತ್ತಗಾಗುತ್ತವೆ. ಕಾರ್ನೌಬಾ ಮೇಣ ಉಜ್ಜಿದರೆ ಸಾಕು.

ಮೊದಮೊದಲು ಗುಳಿಯ ಮೂರನೇ ಒಂದು ಭಾಗ ಮಾತ್ರ ತುಂಬಿ ನಿಧಾನ ಸೇದಿ. ಒಳಗೆ ಕಟ್ಟುವ ಇದ್ದಿಲ ಪದರ 1 ಮಿ.ಮೀ. ದಾಟಿದರೆ ಕೆರೆದು ತೆಗೆಯಿರಿ. ಬಿಸಿಗೆ ಅದು ಹಿಗ್ಗಿ ಗೋಡೆಯನ್ನೇ ಸೀಳುತ್ತದೆ, ಪೇರಲೆಯಂಥ ಮರವಾದರೆ ಇನ್ನೂ ಬೇಗ.