ಬೀಳೋ! ಮುನ್ನಡೆ ಕಾಯಲು ನಾನು ಕಲಿತ ಪಾಠ

ಮೊದಲೇ ಹೇಳಿಬಿಡುತ್ತೇನೆ, ಇದು ಮೆಸ್ಸಿ ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಗುದ್ದಾಡುವ ಅಮೆರಿಕದ ಫುಟ್‌ಬಾಲ್. ನಾನು ಸಾಗರದ ಕಡೆಯವನು. ಒಹಾಯೊಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಮಗ ಹೈಸ್ಕೂಲ್ ಟೀಮಿಗೆ ಸೇರಿದಾಗ ಸುಮ್ನೆ ನೋಡೋಕೆ ಹೋಗುತ್ತಿದ್ದೆ. ಕೈಯಲ್ಲೊಂದು ನೋಟ್‌ಬುಕ್ ಇರುತ್ತಿತ್ತು, ಯಾವ ಆಟಕ್ಕೆ ಎಷ್ಟು ಯಾರ್ಡ್ ಬಂತು ಅಂತ ಬರೆದುಕೊಳ್ಳುತ್ತಿದ್ದೆ. ಅದನ್ನು ನೋಡಿದ ಹೆಡ್ ಕೋಚ್ ನನ್ನನ್ನು ಲೆಕ್ಕ ಬರೆಯೋಕೆ ಕೂರಿಸಿದರು. ಮಗ ಕಾಲೇಜಿಗೆ ಹೋದ, ನಾನು ಅಲ್ಲೇ ಉಳಿದೆ. ಎರಡು ವರ್ಷ ಆದಮೇಲೆ ಚಿಕ್ಕ ಹುಡುಗರ ಜೂನಿಯರ್ ಟೀಮಿನ ಅಫೆನ್ಸ್, ಅಂದರೆ ಚೆಂಡು ನಮ್ಮ ಹತ್ತಿರ ಇರುವಾಗ ಆಡುವವರ ಜವಾಬ್ದಾರಿ, ನನ್ನ ಕೈಗೆ ಬಂತು. ಸಂಬಳ ಇಲ್ಲ, ಒಂದು ಜಾಕೆಟ್ ಕೊಟ್ಟರು ಅಷ್ಟೇ.

ಆ ಮೊದಲ ಸೀಸನ್‌ನಲ್ಲೇ ನಾವು 24–6 ಮುಂದಿದ್ದ ಪಂದ್ಯವನ್ನು ಸೋತೆವು. ಕೊನೆಯ ಕ್ವಾರ್ಟರ್ ಶುರುವಾದಾಗ 18 ಅಂಕದ ಮುನ್ನಡೆ, ಉಳಿದದ್ದು ಬರೀ 12 ನಿಮಿಷ. ಮುಗಿದಾಗ 27–24, ಅವರ ಪರ. ಹುಡುಗರದ್ದೇನೂ ತಪ್ಪಿರಲಿಲ್ಲ. ತಪ್ಪು ನನ್ನದು.

ನಾನು ಮಾಡಿದ್ದು ಇಷ್ಟು. ಈ ಆಟದಲ್ಲಿ ನಾಲ್ಕು ಪ್ರಯತ್ನದಲ್ಲಿ 10 ಯಾರ್ಡ್ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ, ಅದಕ್ಕೆ ಫಸ್ಟ್ ಡೌನ್ ಅನ್ನುತ್ತಾರೆ. ಹೋಗದಿದ್ದರೆ ಸಾಮಾನ್ಯವಾಗಿ ನಾಲ್ಕನೇ ಸಲ ಚೆಂಡನ್ನು ದೂರ ಒದ್ದು ಎದುರಾಳಿಗೆ ಕೊಡಬೇಕು. ಮುನ್ನಡೆ ಇದೆಯಲ್ಲ, ಇನ್ನು ಅಪಾಯ ಬೇಡ ಅಂತ ನಾನು ಮಧ್ಯಕ್ಕೆ ಓಡು, ಮಧ್ಯಕ್ಕೆ ಓಡು, ಮಧ್ಯಕ್ಕೆ ಓಡು ಅಂದೆ. ಎದುರು ತಂಡದ ಕೋಚ್‌ಗೆ ಎರಡನೇ ಸಲಕ್ಕೇ ಗೊತ್ತಾಯಿತು. ಎಂಟೊಂಬತ್ತು ಜನರನ್ನು ತಂದು ಮುಂದೆ ನಿಲ್ಲಿಸಿದರು. ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ. ಮೂರು ಓಟ, ಒಂದು ಒದೆತ. ಮತ್ತೆ ಮೂರು ಓಟ, ಒಂದು ಒದೆತ. ಹೀಗೆ ಮೂರು ಸಲ ಚೆಂಡು ಕೊಟ್ಟೆವು, ಅವರು ಮೂರು ಸಲವೂ ಟಚ್‌ಡೌನ್ ಹೊಡೆದರು, ಅಂದರೆ ಚೆಂಡನ್ನು ನಮ್ಮ ಕೊನೆಯ ಗೆರೆ ದಾಟಿಸಿದರು.

ಅವತ್ತು ರಾತ್ರಿ ನೋಟ್‌ಬುಕ್ ಬಿಚ್ಚಿ ಕೂತೆ. ಮೂರು ಓಟ ಮತ್ತು ಒದೆತ ಸೇರಿ ನಾವು ತಿಂದ ಸಮಯ ಒಂದೊಂದು ಸಲಕ್ಕೆ ಎರಡು ನಿಮಿಷದ ಆಸುಪಾಸು. ಅವರು ಟೈಮ್‌ಔಟ್ ತೆಗೆದುಕೊಂಡು ಗಡಿಯಾರ ನಿಲ್ಲಿಸಿದ ಸಲ ಇನ್ನೂ ಕಮ್ಮಿ. ಒಂದೇ ಒಂದು ಫಸ್ಟ್ ಡೌನ್ ಸಿಕ್ಕಿದ್ದರೂ ಆ ಎರಡು ನಾಲ್ಕಾಗುತ್ತಿತ್ತು. ಅಂದರೆ ಗಡಿಯಾರ ತಿನ್ನುವುದು ಓಟ ಅಲ್ಲ, ಫಸ್ಟ್ ಡೌನ್. ಇಷ್ಟು ಸಣ್ಣ ವಿಷಯ ತಲೆಗೆ ಹೋಗೋಕೆ ಒಂದು ಪಂದ್ಯ ಕಳೆದುಕೊಳ್ಳಬೇಕಾಯಿತು.

ಆಮೇಲೆ ನೆನಪಾಯಿತು, ಇದನ್ನು ನಾನು ಊರಲ್ಲೇ ಕಲಿತಿದ್ದೆ. ಸ್ಕೂಲಲ್ಲಿ ಕಬಡ್ಡಿ ಆಡುವಾಗ ನಾವು ಮುಂದಿದ್ದರೆ ಪಿ.ಟಿ. ಮೇಷ್ಟ್ರು ಹೊರಗಿನಿಂದ ಕೂಗುತ್ತಿದ್ದರು, “ಬಾಲ್ಕ್ ಲೈನ್ ದಾಟಿ ಬಾರೋ, ಸಾಕು!” ಈಗ ಪ್ರೊ ಕಬಡ್ಡಿಯಲ್ಲಿ ಎರಡು ರೈಡ್ ಖಾಲಿ ಹೋದರೆ ಮೂರನೆಯದು ಡು ಆರ್ ಡೈ. ನಮ್ಮ ಕಾಲದಲ್ಲಿ ಅದೆಲ್ಲ ಇರಲಿಲ್ಲ, ಖಾಲಿ ಬಂದರೆ ಖಾಲಿ. ಆದರೂ ಲೈನ್ ದಾಟಿ ಬಂದರೆ ಸಾಕು ಅಂತಲೇ ಹೋದವನು ಸಿಕ್ಕಿಬೀಳುತ್ತಿದ್ದ. ಕಾಲಲ್ಲಿ ಜೀವ ಇರುತ್ತಿರಲಿಲ್ಲ. ಅವನು ಮುಟ್ಟೋಕೆ ಬಂದಿಲ್ಲ ಅಂತ ಎದುರಿನವರಿಗೆ ಗೊತ್ತಾದ ತಕ್ಷಣ ಪಾದ ಹಿಡಿಯುತ್ತಿದ್ದರು. ಮೇಷ್ಟ್ರು ಆಮೇಲೆ ಬೈಯುತ್ತಿದ್ದರು: “ನಿಧಾನ ಮಾಡು ಅಂದೆ, ಹೆದರಿಕೋ ಅಂದ್ನಾ?”

ಅದನ್ನೇ ಇಲ್ಲಿಗೆ ತಂದೆ. ಆಟ ಅದೇ ಇರಲಿ, ವೇಗ ಮಾತ್ರ ಬದಲಾಗಲಿ.

ಇದರ ಉಲ್ಟಾ ತಪ್ಪೂ ಇದೆ, ಅದು ಇನ್ನೂ ಪ್ರಸಿದ್ಧ. 2017ರ ಫೆಬ್ರವರಿ 5, ಹ್ಯೂಸ್ಟನ್‌ನಲ್ಲಿ ಸೂಪರ್ ಬೌಲ್, ಇಲ್ಲಿನ ವೃತ್ತಿಪರ ಲೀಗಿನ ಫೈನಲ್. ಅಟ್ಲಾಂಟಾ ಫಾಲ್ಕನ್ಸ್ ಮೂರನೇ ಕ್ವಾರ್ಟರ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಮೇಲೆ 28–3 ಮುಂದಿತ್ತು. ನಮ್ಮ ಮನೆಯಲ್ಲೇ ನಾಲ್ಕೈದು ಕನ್ನಡ ಕುಟುಂಬ ಸೇರಿತ್ತು. ಆ ಸ್ಕೋರ್ ನೋಡಿ ಎರಡು ಮನೆಯವರು ಪುಳಿಯೋಗರೆ ಡಬ್ಬ ಕಟ್ಟಿಕೊಂಡು ಹೊರಟೇಬಿಟ್ಟರು, ಮಾರನೇ ದಿನ ಕೆಲಸ ಇದೆ ಅಂತ. ಕೊನೆಯ ಕ್ವಾರ್ಟರ್‌ನಲ್ಲಿ 28–12 ಇದ್ದಾಗ ಫಾಲ್ಕನ್ಸ್‌ಗೆ ಮೂರನೇ ಪ್ರಯತ್ನ, ಬೇಕಾದದ್ದು ಒಂದೇ ಯಾರ್ಡ್. ಚೆಂಡು ತೆಗೆದುಕೊಂಡು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯನ್ ಪಾಸ್ ಮಾಡೋಕೆ ಹಿಂದೆ ಸರಿದ. ಪೇಟ್ರಿಯಟ್ಸ್‌ನ ಹೈಟವರ್ ಬಂದು ಗುದ್ದಿದ, ಚೆಂಡು ಕೈಯಿಂದ ಹೋಯಿತು, ಪೇಟ್ರಿಯಟ್ಸ್‌ಗೆ ಸಿಕ್ಕಿತು. ಸ್ಕೋರ್ 28–20 ಆಯಿತು.

ಆದರೂ ಗೆಲ್ಲಬಹುದಿತ್ತು. ಜೂಲಿಯೊ ಜೋನ್ಸ್ ಗೆರೆಯ ಅಂಚಲ್ಲಿ ಅದ್ಭುತವಾಗಿ ಹಿಡಿದ ಕ್ಯಾಚ್‌ನಿಂದ ಅವರು ಎದುರಾಳಿಯ 22 ಯಾರ್ಡ್ ಗೆರೆ (ಟಚ್‌ಡೌನ್ ಗೆರೆಗೆ 22 ಯಾರ್ಡ್ ದೂರ) ಮುಟ್ಟಿದ್ದರು. ಅಲ್ಲಿಂದ ಫೀಲ್ಡ್ ಗೋಲ್, ಅಂದರೆ ಚೆಂಡನ್ನು ಕಂಬಗಳ ನಡುವೆ, ಒದ್ದರೆ 3 ಅಂಕ, 11ರ ಮುನ್ನಡೆ, ಬಹುಮಟ್ಟಿಗೆ ಕತೆ ಮುಗಿದಂತೆ. ಮತ್ತೆ ಪಾಸ್‌ಗೆ ಹೋದರು. ಒಂದು ಸ್ಯಾಕ್ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದರು), ಒಂದು ಹೋಲ್ಡಿಂಗ್ ಪೆನಾಲ್ಟಿ (ಎದುರಾಳಿಯನ್ನು ಹಿಡಿದಿದ್ದಕ್ಕೆ). ಒದೆಯುವ ದೂರದಿಂದಲೇ ಹಿಂದೆ ಬಿದ್ದರು. ಹೆಚ್ಚುವರಿ ಸಮಯದಲ್ಲಿ 34–28ಕ್ಕೆ ಸೋತರು. ಬೇಗ ಹೊರಟ ಗೆಳೆಯ ಮಾರನೇ ದಿನ ಬೆಳಿಗ್ಗೆ ಫೋನ್ ಮಾಡಿ, “ಸುಳ್ಳು ಹೇಳ್ಬೇಡ ಮಾರಾಯ” ಅಂದ.

ಆ ಪಂದ್ಯ ತೋರಿಸಿ “ನೋಡಿ, ಪಾಸ್ ಮಾಡಲೇಬಾರದು” ಅನ್ನುವವರು ಜಾಸ್ತಿ. ನಾನೂ ಹಾಗೇ ಅಂದುಕೊಂಡು ನಮ್ಮ 24–6 ಕಳೆದೆ. ಅವರ ತೊಂದರೆ ಪಾಸ್ ಅಲ್ಲ, ಎಲ್ಲಿ ಯಾವುದು ಬೇಕು ಅನ್ನುವ ಲೆಕ್ಕ. 22ರ ಗೆರೆಯಲ್ಲಿ ಅವರಿಗೆ ಯಾರ್ಡೇ ಬೇಕಿರಲಿಲ್ಲ, ಇದ್ದ ಜಾಗ ಕಳೆದುಕೊಳ್ಳದಿದ್ದರೆ ಸಾಕಿತ್ತು. ನನಗೆ ಯಾರ್ಡ್ ಬೇಕಿತ್ತು, ನಾನು ಕೇಳಲೇ ಇಲ್ಲ.

ಮುಂದಿನ ಸೀಸನ್‌ನಿಂದ ಗುರುವಾರದ ಅಭ್ಯಾಸದಲ್ಲಿ ಹದಿನೈದು ನಿಮಿಷ ಇದಕ್ಕೇ ಇಟ್ಟೆ. ಇಲ್ಲಿ ಇದನ್ನು ಫೋರ್ ಮಿನಿಟ್ ಅಫೆನ್ಸ್ ಅನ್ನುತ್ತಾರೆ. ಸ್ಕೋರ್‌ಬೋರ್ಡ್ ಹಚ್ಚಿ ನಾಲ್ಕು ನಿಮಿಷ ಇಡುತ್ತೇವೆ, ಎದುರು ತಂಡಕ್ಕೆ ಎರಡು ಟೈಮ್‌ಔಟ್. ಚೆಂಡು ಕೊಡದೆ ಮುಗಿಸಬೇಕು.

ಮೊದಲು ಹೇಳಿಕೊಟ್ಟಿದ್ದು ಕ್ವಾರ್ಟರ್‌ಬ್ಯಾಕ್‌ಗೆ, ಕೈ ನೋಡೋದು. ಒಂದು ಆಟ, ಅಂದರೆ ಒಂದು ಪ್ರಯತ್ನ, ಮುಗಿದ ಮೇಲೆ ಮುಂದಿನದು ಶುರು ಮಾಡೋಕೆ 40 ಸೆಕೆಂಡ್ ಇರುತ್ತದೆ. ದೊಡ್ಡ ಮೈದಾನಗಳಲ್ಲಿ ಅದನ್ನು ತೋರಿಸುವ ಗಡಿಯಾರ ಇರುತ್ತದೆ. ನಮ್ಮಂಥ ಕಡೆ ಇರುವುದಿಲ್ಲ. ಡಿಫೆನ್ಸ್‌ನ ಹಿಂದೆ ನಿಂತ ಬ್ಯಾಕ್ ಜಡ್ಜ್ ಅನ್ನೋ ಅಂಪೈರ್ 10 ಸೆಕೆಂಡ್ ಉಳಿದಾಗ ಕೈ ಎತ್ತುತ್ತಾರೆ. ಕೊನೆಯ ಐದನ್ನು ಕೈಯಲ್ಲೇ ಕಡಿದು ಕಡಿದು ಎಣಿಸುತ್ತಾರೆ. “ಮೂರನೇ ಏಟು ಬಿದ್ದಮೇಲೆ ಚೆಂಡು ಕೇಳು” ಅಂತ ಹುಡುಗನಿಗೆ ಹೇಳಿದ್ದೆ. ಮೊದಲ ವಾರ ತಡೆಯೋಕೇ ಆಗಲಿಲ್ಲ ಅವನಿಗೆ, ಇಪ್ಪತ್ತು ಸೆಕೆಂಡ್ ಇರುವಾಗಲೇ ಶುರು ಮಾಡಿಬಿಡುತ್ತಿದ್ದ. ಹದಿನೈದು ವರ್ಷದ ಹುಡುಗನಿಗೆ ಸುಮ್ಮನೆ ನಿಲ್ಲು ಅನ್ನೋದಕ್ಕಿಂತ ಕಷ್ಟದ ಕೆಲಸ ಇಲ್ಲ. ಪ್ರತಿ ಆಟಕ್ಕೆ ಇಪ್ಪತ್ತು ಸೆಕೆಂಡ್ ಬೇಗ ಅಂದರೆ ಹತ್ತು ಆಟಕ್ಕೆ ಮೂರು ನಿಮಿಷಕ್ಕಿಂತ ಜಾಸ್ತಿ ಎದುರಾಳಿಗೆ ಉಡುಗೊರೆ.

ಇನ್ನೊಂದು ಅಭ್ಯಾಸ ಬಿಡಿಸಬೇಕಾಯಿತು. ಬಿದ್ದವರು ಬೇಕಂತಲೇ ನಿಧಾನವಾಗಿ ಏಳುತ್ತಿದ್ದರು, ಸಮಯ ತಿನ್ನೋಕೆ. ಆ 40 ಸೆಕೆಂಡ್ ಆಟ ಮುಗಿದ ಕ್ಷಣದಿಂದಲೇ ಓಡುತ್ತದೆ, ಮಲಗಿದರೆ ಏನೂ ಸಿಗಲ್ಲ. ಅಂಪೈರ್ ಮುಖ ಕೆಂಪಾಗುತ್ತದೆ ಅಷ್ಟೇ.

ಓಡುವವರಿಗೆ ಎರಡೇ ಮಾತು. ಚೆಂಡು ಮೇಲೆ, ಎದೆಗೆ ಒತ್ತಿ: ಬೆರಳು ಚೆಂಡಿನ ತುದಿಗೆ, ಮೊಣಕೈ ಪಕ್ಕೆಗೆ, ಗುಂಪಿನೊಳಗೆ ಹೋಗುವಾಗ ಎರಡನೇ ಕೈಯೂ ಮೇಲೆ. ಇನ್ನೊಂದು, ಗೆರೆ ಆಚೆ ಹೋಗಬೇಡ. ಮೈದಾನದ ಹೊರಗೆ ಕಾಲಿಟ್ಟರೆ ಗಡಿಯಾರ ನಿಲ್ಲುತ್ತದೆ. ಚಿಕ್ಕಂದಿನಿಂದ ಏಟು ತಪ್ಪಿಸೋಕೆ ಹೊರಗೆ ಜಾರಿಕೊಂಡು ಬೆಳೆದ ಹುಡುಗರಿಗೆ ಇದು ಸುಲಭವಾಗಿ ಬರಲಿಲ್ಲ. ಒಂದು ಗುರುವಾರ ನಮ್ಮ ರನ್ನಿಂಗ್ ಬ್ಯಾಕ್ ಸತತ ಮೂರನೇ ಸಲ ಹೊರಗೆ ಹೋದಾಗ ನನ್ನ ಬಾಯಿಂದ ಕನ್ನಡವೇ ಬಂತು: “ಒಳಗೇ ಬೀಳೋ!” ಎಲ್ಲರೂ ನಿಂತುಬಿಟ್ಟರು. ಏನದು ಅಂತ ಕೇಳಿದರು. ಹೇಳಿದೆ. ಅವತ್ತಿನಿಂದ ಅದೇ ಸಂಕೇತ ಆಯಿತು. ಎದುರು ತಂಡಕ್ಕೆ ಅರ್ಥವಾಗಲ್ಲ, ಅದೊಂದು ಲಾಭ. ಇವರ ಬಾಯಲ್ಲಿ ‘ಳ’ ಮಾತ್ರ ಇನ್ನೂ ಹೊರಳಿಲ್ಲ. “ಬೀಲೋ” ಅನ್ನುತ್ತಾರೆ.

ಪಾಸ್ ಪೂರ್ತಿ ಬಿಡಲಿಲ್ಲ. ಒಂದನ್ನು ಇಟ್ಟುಕೊಂಡೆ. ಓಟದ ಹಾಗೇ ತೋರಿಸಿ, ಕ್ವಾರ್ಟರ್‌ಬ್ಯಾಕ್ ಚೆಂಡು ಬಚ್ಚಿಟ್ಟುಕೊಂಡು ಅದರ ಉಲ್ಟಾ ಕಡೆ ಓಡುತ್ತಾನೆ, ಪಾಸ್ ಹಿಡಿಯುವ ಟೈಟ್ ಎಂಡ್ ಐದಾರು ಯಾರ್ಡ್ ದೂರದಲ್ಲಿ ಸಿಗುತ್ತಾನೆ. ಬೂಟ್‌ಲೆಗ್ ಅಂತ ಹೆಸರು. ನಿಯಮ ಒಂದೇ: ಅವನು ಖಾಲಿ ಇಲ್ಲದಿದ್ದರೆ ಎಸೆಯಬೇಡ, ಹೊರಗೂ ಬಿಸಾಡಬೇಡ, ಮೈದಾನದ ಒಳಗೇ ಜಾರಿ ಕೂತುಬಿಡು. ಹಿಡಿಯದ ಪಾಸ್ ಗಡಿಯಾರ ನಿಲ್ಲಿಸುತ್ತದೆ. ಎರಡು ಯಾರ್ಡ್ ಹಿಂದೆ ಹೋದರೂ ಪರವಾಗಿಲ್ಲ.

ಆಮೇಲೆ ಮಂಡಿ ಊರುವ ಲೆಕ್ಕ. ಕ್ವಾರ್ಟರ್‌ಬ್ಯಾಕ್ ಚೆಂಡು ತೆಗೆದುಕೊಂಡು ಒಂದು ಮಂಡಿ ಊರಿದರೆ ಆಟ ಮುಗಿಯಿತು, ಗಡಿಯಾರ ಮಾತ್ರ ಓಡುತ್ತಿರುತ್ತದೆ. ಇದು ಎಲ್ಲರೂ ಮಾಡುವ ಪದ್ಧತಿಯಾಗಿದ್ದು ಒಂದು ಅನಾಹುತದ ನಂತರ. 1978ರ ನವೆಂಬರ್ 19ರಂದು ನ್ಯೂಯಾರ್ಕ್ ಜಯಂಟ್ಸ್ 17–12 ಮುಂದಿತ್ತು, ಕೆಲವೇ ಸೆಕೆಂಡ್ ಬಾಕಿ. ಮಂಡಿ ಊರಿದ್ದರೆ ಆಗುತ್ತಿತ್ತು. ಚೆಂಡನ್ನು ಕೈಗೆ ಕೊಡಲು ಹೋಗಿ ಜಾರಿಸಿದರು, ಫಿಲಡೆಲ್ಫಿಯಾ ಈಗಲ್ಸ್‌ನ ಹರ್ಮ್ ಎಡ್ವರ್ಡ್ಸ್ ಎತ್ತಿಕೊಂಡು ಓಡಿ ಟಚ್‌ಡೌನ್ ಹೊಡೆದ. 19–17. ನನ್ನ ಚೀಟಿಯಲ್ಲಿ ಇರುವುದು ಇಷ್ಟು: ಎದುರಾಳಿಗೆ ಟೈಮ್‌ಔಟ್ ಇಲ್ಲ, ನಮಗೆ ಹೊಸ ಫಸ್ಟ್ ಡೌನ್, ಉಳಿದದ್ದು ಎರಡು ನಿಮಿಷ, ಹಾಗಿದ್ದರೆ ಮೂರು ಮಂಡಿಗೆ ಪಂದ್ಯ ಮುಗಿಯಿತು. ಅವರ ಹತ್ತಿರ ಒಂದು ಟೈಮ್‌ಔಟ್ ಇದ್ದರೆ ಆ ಎರಡು ನಿಮಿಷದಲ್ಲಿ 40 ಸೆಕೆಂಡ್ ಕಳೆಯಬೇಕು. ಎರಡಿದ್ದರೆ ಎಂಬತ್ತು. ಮೂರೂ ಇದ್ದರೆ ಮಂಡಿಯನ್ನು ಮರೆತುಬಿಡಿ, ಆಡಲೇಬೇಕು.

30–35 ಅಂಕದ ಮುನ್ನಡೆ ಆದರೆ ಇದ್ಯಾವುದೂ ಬೇಡ. ಹಲವು ರಾಜ್ಯಗಳ ಹೈಸ್ಕೂಲ್ ಆಟದಲ್ಲಿ ಎರಡನೇ ಅರ್ಧದಲ್ಲಿ ಅಷ್ಟು ಅಂತರ ಬಂದರೆ ಗಡಿಯಾರವನ್ನು ಬಹುತೇಕ ನಿಲ್ಲಿಸುವುದೇ ಇಲ್ಲ. ಆಗ ಬೆಂಚಿನ ಹುಡುಗರನ್ನು ಇಳಿಸಬೇಕು. ಅವರ ಅಪ್ಪ ಅಮ್ಮನೂ ಚಳಿಯಲ್ಲಿ ಕೂತಿರುತ್ತಾರೆ, ಅಲ್ವಾ?

ಈ ಎಲ್ಲ ಅಭ್ಯಾಸಕ್ಕೆ ಪರೀಕ್ಷೆ ಬಂದದ್ದು ಅಕ್ಟೋಬರ್‌ನ ಒಂದು ಶನಿವಾರ. 28–7 ಇದ್ದದ್ದು 28–14 ಆಗಿತ್ತು. 7 ನಿಮಿಷ 10 ಸೆಕೆಂಡ್ ಬಾಕಿ. ಚೆಂಡು ನಮ್ಮದೇ 22 ಯಾರ್ಡ್ ಗೆರೆಯಲ್ಲಿ, ಅವರ ಹತ್ತಿರ ಎರಡು ಟೈಮ್‌ಔಟ್. ನನ್ನ ಹೊಟ್ಟೆಯಲ್ಲಿ ಹಳೆಯ 24–6 ತಿರುಗುತ್ತಿತ್ತು.

ಬಲಕ್ಕೆ ಓಟ, ನಾಲ್ಕು ಯಾರ್ಡ್. ಮಧ್ಯಕ್ಕೆ ಓಟ, ಮೂರು. ಮೂರನೇ ಪ್ರಯತ್ನಕ್ಕೆ ಮೂರು ಯಾರ್ಡ್ ಬೇಕು. ಅವರ ಒಂಬತ್ತು ಜನ ಮುಂದೆ ಬಂದು ನಿಂತರು, ಹೋದ ವರ್ಷದ ಹಾಗೇ. ನಾನು ಬೂಟ್‌ಲೆಗ್ ಅಂದೆ. ಪಕ್ಕದಲ್ಲಿದ್ದ ಇನ್ನೊಬ್ಬ ಕೋಚ್ ನನ್ನನ್ನು ಒಂದು ಥರ ನೋಡಿದರು. ಬ್ಯಾಕ್ ಜಡ್ಜ್ ಕೈ ಎತ್ತಿದರು. ಒಂದು, ಎರಡು, ಮೂರು, ಚೆಂಡು ಬಂತು. ಇಡೀ ಡಿಫೆನ್ಸ್ ರನ್ನಿಂಗ್ ಬ್ಯಾಕ್ ಮೇಲೆ ಬಿತ್ತು. ಟೈಟ್ ಎಂಡ್ ಒಬ್ಬನೇ ನಿಂತಿದ್ದ, ಬಸ್ಸಿಗೆ ಕಾಯುವವನ ಹಾಗೆ. ಎಂಟು ಯಾರ್ಡ್ ಸಿಕ್ಕಿತು, ಒಳಗೇ ಬಿದ್ದ.

ಅಲ್ಲಿಂದ ಮುಂದೆ ಅವರು ಒಂಬತ್ತು ಜನರನ್ನು ತರಲಿಲ್ಲ, ತರೋಕೆ ಹೆದರಿದರು. ಓಟಕ್ಕೆ ಜಾಗ ಸಿಕ್ಕಿತು. ನಾಲ್ಕು, ಐದು, ಎರಡು, ಆರು. ಒಂದು ಸಲ ನಮ್ಮವನು ಮತ್ತೆ ಹೊರಗೆ ಹೋದ, ನಾನು ಟೋಪಿ ನೆಲಕ್ಕೆ ಹೊಡೆದೆ. ಅವರ ಎರಡೂ ಟೈಮ್‌ಔಟ್ ಖರ್ಚಾದವು. ಹತ್ತು ಆಟ ಆದಮೇಲೆ ಅವರ 35ರ ಗೆರೆ ಮುಟ್ಟಿದ್ದೆವು.

ಹನ್ನೊಂದನೇ ಆಟದಲ್ಲಿ ರನ್ನಿಂಗ್ ಬ್ಯಾಕ್‌ಗೆ ಎಡಗಡೆ ದೊಡ್ಡ ಸಂದು ಸಿಕ್ಕಿತು. ಮುಂದೆ ಯಾರೂ ಇಲ್ಲ. ಆದರೆ ಟಚ್‌ಡೌನ್ ಹೊಡೆದರೆ ಚೆಂಡು ಮತ್ತೆ ಅವರ ಕೈಗೆ ಹೋಗುತ್ತದೆ. ಆ ಸೀಸನ್‌ನಲ್ಲಿ ಅವನಿಗೆ ಒಂದೂ ಟಚ್‌ಡೌನ್ ಬಂದಿರಲಿಲ್ಲ. ಗೆರೆ ಪಕ್ಕದಲ್ಲಿ ನಿಂತ ಬೆಂಚಿನ ಹುಡುಗರೆಲ್ಲ ಒಟ್ಟಿಗೆ ಕೂಗಿದರು, “ಬೀಲೋ! ಬೀಲೋ!” ಅವನು 4ರ ಗೆರೆಯಲ್ಲಿ, ತಾನಾಗೇ, ಎರಡೂ ಕೈಯಲ್ಲಿ ಚೆಂಡು ಅಪ್ಪಿಕೊಂಡು ಕೂತುಬಿಟ್ಟ. 1 ನಿಮಿಷ 38 ಸೆಕೆಂಡ್ ಇತ್ತು. ಮೂರು ಮಂಡಿ ಸಾಕಾಯಿತು.

ಸೋಮವಾರ ಲೆಕ್ಕದ ಹಾಳೆ ಗೋಡೆಗೆ ಅಂಟಿಸಿದೆ. ಅವನು ಬಂದು ತನ್ನ ಸಾಲು ನೋಡಿದ. ಕೊನೆಯ ಓಟ 31 ಯಾರ್ಡ್, ಟಚ್‌ಡೌನ್ ಸೊನ್ನೆ. “ಕೋಚ್, ಬಿದ್ದಿದ್ದಕ್ಕೆ ಕಾಲಂ ಇಲ್ವಾ?” ಅಂತ ಕೇಳಿದ. ಸ್ಕೇಲ್ ತಂದು ಒಂದು ಗೆರೆ ಎಳೆದೆ. ಮೇಲೆ ಕನ್ನಡದಲ್ಲೇ “ಬೀಳು” ಅಂತ ಬರೆದು, ಅವನ ಹೆಸರಿನ ಮುಂದೆ 1 ಹಾಕಿದೆ.