ಬ್ಯಾಂಡಿಂಗ್ ಆದ ಮೇಲೆ ಲಿವರ್ ರೋಗಿಗೆ ಸೋಂಕು ತಗಲದಂತೆ ನೋಡಿಕೊಳ್ಳುವುದು ಹೇಗೆ?

ಲಿವರ್ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವ ರೋಗ) ಇದ್ದವರಿಗೆ ಅನ್ನನಾಳದ ಒಳಗಿನ ರಕ್ತನಾಳಗಳು ಉಬ್ಬಿಕೊಳ್ಳುತ್ತವೆ. ಒಡೆದರೆ ರಕ್ತವಾಂತಿ. ಅದಕ್ಕೇ ಎಂಡೋಸ್ಕೋಪಿ ಮಾಡಿ (ಬಾಯಿಯ ಮೂಲಕ ಕ್ಯಾಮೆರಾ ಇರುವ ಪೈಪ್ ಇಳಿಸಿ), ಆ ನಾಳಗಳಿಗೆ ಸಣ್ಣ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಮನೆಗೆ ಬಂದ ಮೇಲೆ ಎಲ್ಲರಿಗೂ ಮತ್ತೆ ರಕ್ತ ಬಂದೀತೇ ಎಂಬುದೇ ಭಯ. ಸೋಂಕಿನ ಕಡೆ ಗಮನ ಹೋಗುವುದು ಕಮ್ಮಿ. ಈ ರೋಗಿಗಳ ಜೀವಕ್ಕೆ ಅದೂ ಅಷ್ಟೇ ಅಪಾಯ.

ಸೋಂಕು ಬಂದರೆ ಹೆಚ್ಚಿನವರು ಎಂಡೋಸ್ಕೋಪಿ ಪೈಪನ್ನು ಅನುಮಾನಿಸುತ್ತಾರೆ. ಸರಿಯಾಗಿ ಶುದ್ಧ ಮಾಡಿದ ಪೈಪಿನಿಂದ ಸೋಂಕು ತಗಲುವುದು ಅಪರೂಪ. ಸಾಮಾನ್ಯವಾಗಿ ಕಾಟ ಕೊಡುವುದು ರೋಗಿಯ ಕರುಳಲ್ಲೇ ಇರುವ ಇ-ಕೊಲೈ, ಕ್ಲೆಬ್ಸಿಯೆಲ್ಲಾ ಥರದ ಬ್ಯಾಕ್ಟೀರಿಯಾ. ಆರೋಗ್ಯವಂತರಲ್ಲಿ ಕರುಳಿನ ಗೋಡೆ ಅವನ್ನು ತಡೆಯುತ್ತದೆ, ನುಸುಳಿ ಬಂದದ್ದನ್ನು ಲಿವರ್ ನೋಡಿಕೊಳ್ಳುತ್ತದೆ. ಸಿರೋಸಿಸ್‌ನಲ್ಲಿ ಈ ಎರಡು ಕಾವಲೂ ಸಡಿಲ. ಹೊಟ್ಟೆಯಲ್ಲಿ ನೀರು ತುಂಬಿದ್ದರಂತೂ ಸೋಂಕು ಅಲ್ಲೇ ಬೆಳೆಯಬಹುದು.

1. ಮನೆಗೆ ಹೊರಡುವ ಮುಂಚೆ ಕೇಳಿ

ರಕ್ತಸ್ರಾವ ಆಗಿ ಬ್ಯಾಂಡ್ ಹಾಕಿದ್ದಾ, ಮುಂಜಾಗ್ರತೆಗೆ ಹಾಕಿದ್ದಾ? ಎಲ್ಲವೂ ನಿಂತಿರುವುದು ಇದರ ಮೇಲೆ. ರಕ್ತಸ್ರಾವ ಆಗಿದ್ದರೆ ಆಂಟಿಬಯೋಟಿಕ್ ಬೇಕೇ ಬೇಕು. ಸಾಮಾನ್ಯವಾಗಿ ಸೆಫ್‌ಟ್ರಯಾಕ್ಸೋನ್ ದಿನಕ್ಕೆ 1 ಗ್ರಾಂ, ಹೆಚ್ಚೆಂದರೆ 7 ದಿನ, ರಕ್ತನಾಳದ ಮೂಲಕ ಕೊಡುತ್ತಾರೆ. ಬೇಗ ಡಿಸ್ಚಾರ್ಜ್ ಮಾಡಿದರೆ ಕೋರ್ಸ್ ಮುಗಿಯಿತಾ ಅಂತ ಕೇಳಿ.

ಮುಂಜಾಗ್ರತೆಯ ಬ್ಯಾಂಡಿಂಗ್ ಆದರೆ ಆಂಟಿಬಯೋಟಿಕ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ‘ಯಾವುದಕ್ಕೂ ಇರಲಿ’ ಅಂತ ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ನುಂಗಿಸಬೇಡಿ. ನಾಳೆ ನಿಜವಾಗಿ ಬೇಕಾದಾಗ ಅದೇ ಮದ್ದು ಕೆಲಸ ಮಾಡದೆ ಹೋಗಬಹುದು.

2. ಜ್ವರವೊಂದನ್ನೇ ನಂಬಬೇಡಿ

ಬೆಳಿಗ್ಗೆ, ಸಂಜೆ ಥರ್ಮಾಮೀಟರ್ ಇಟ್ಟು ನೋಡಿ, ಬರೆದಿಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಡಾಕ್ಟರಿಗೆ ತಿಳಿಸಿ. ಆದರೆ ಸಿರೋಸಿಸ್ ಇದ್ದವರಲ್ಲಿ ಜ್ವರವೇ ಬರದೆ ಸೋಂಕು ಬೆಳೆಯುವುದುಂಟು. ಮೊದಲು ವ್ಯತ್ಯಾಸ ಕಾಣುವುದು ನಡವಳಿಕೆಯಲ್ಲಿ. ಹಗಲೆಲ್ಲ ನಿದ್ದೆ, ರಾತ್ರಿ ಎಚ್ಚರ. ಕೇಳಿದ್ದಕ್ಕೆ ತಡವಾಗಿ ಉತ್ತರ. ಓದು ಬರಹ ಬಲ್ಲವರಾದರೆ ದಿನಾ ಒಂದು ಹಾಳೆಯ ಮೇಲೆ ಹೆಸರು, ತಾರೀಖು ಬರೆಸಿ. ನಿನ್ನೆ ನೆಟ್ಟಗಿದ್ದ ಅಕ್ಷರ ಇವತ್ತು ಸೊಟ್ಟಗಾಗಿ ಸಾಲು ಜಾರಿದ್ದರೆ ಅದು ಎಚ್ಚರಿಕೆ. ಎರಡೂ ಕೈ ಮುಂದೆ ಚಾಚಿ, ‘ನಿಲ್ಲು’ ಅನ್ನುವಾಗಿನಂತೆ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ಹಿಡಿಯಲು ಹೇಳಿ. ಮಣಿಕಟ್ಟು ಪಟಪಟ ಕುಸಿದರೂ ಹಾಗೆಯೇ.

ಮೂತ್ರ ಕಮ್ಮಿಯಾಗುವುದು, ಹೊಟ್ಟೆನೋವು, ಹೊಟ್ಟೆ ಇನ್ನೂ ಉಬ್ಬುವುದು, ಸೂಜಿ ಚುಚ್ಚಿದ್ದ ಜಾಗ ಕೆಂಪಾಗಿ ಬಿಸಿಯಾಗುವುದು, ಇವನ್ನೂ ನೋಡುತ್ತಿರಿ.

3. ಅನುಮಾನ ಬಂದರೆ ಅದೇ ದಿನ ಆಸ್ಪತ್ರೆಗೆ

ನಾಳೆ ನೋಡೋಣ ಅನ್ನಬೇಡಿ. ಹೊಟ್ಟೆಯಲ್ಲಿ ನೀರಿದ್ದರೆ ಸೂಜಿಯಿಂದ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಒಂದು ಘನ ಮಿಲಿಮೀಟರ್ ನೀರಿನಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ 250 ಮುಟ್ಟಿದರೆ ಚಿಕಿತ್ಸೆ ಶುರು. ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ವರದಿಗೂ ಕಾಯುವುದಿಲ್ಲ. ಕಿಡ್ನಿ ಕಾಪಾಡಲು ಜೊತೆಗೆ ಆಲ್ಬುಮಿನ್ ಎಂಬ ಪ್ರೋಟೀನ್ ಕೊಡುತ್ತಾರೆ. ಅದು ದುಬಾರಿ ನಿಜ, ಆದರೆ ಅದನ್ನು ಕೈಬಿಡಿ ಅಂತ ಡಾಕ್ಟರನ್ನು ಒತ್ತಾಯಿಸಬೇಡಿ.

4. ಮದ್ದು, ಊಟ

ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡವೇ ಬೇಡ. ಕಿಡ್ನಿಗೂ ಕೆಟ್ಟದ್ದು, ರಕ್ತವೂ ಬರಬಹುದು. ಆಸಿಡಿಟಿ ಮಾತ್ರೆ ಎಷ್ಟು ದಿನ ಅಂತ ಕೇಳಿಕೊಳ್ಳಿ. ಕಾರಣವಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಸೋಂಕಿನ ಸಾಧ್ಯತೆ ಜಾಸ್ತಿ.

ಮೊದಲ ಕೆಲವು ದಿನ ಗಂಜಿ, ಮೆತ್ತಗಿನ ಅನ್ನ, ಆರಿದ ತಿಳಿಸಾರು. ಉಪವಾಸ ಬೇಡ. ಮಲಗುವ ಮುಂಚೆಯೂ ಏನಾದರೂ ತಿನ್ನಲಿ. ವಾರದ ಹೊತ್ತಿಗೆ ಬ್ಯಾಂಡ್ ತಾನಾಗಿ ಉದುರುತ್ತದೆ, ಆ ಜಾಗದಲ್ಲಿ ಹುಣ್ಣಿರುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಬ್ಯಾಂಡಿಂಗ್ ಒಂದೇ ಸಲಕ್ಕೆ ಮುಗಿಯುವುದು ಕಮ್ಮಿ, ಕೆಲವು ವಾರ ಬಿಟ್ಟು ಮತ್ತೆ ಕರೆಯುತ್ತಾರೆ. ಹೋಗುವಾಗ ಜ್ವರ ಬರೆದಿಟ್ಟ ಹಾಳೆ ಜೊತೆಗಿರಲಿ. ನಡುವೆ ಜ್ವರ, ಮಂಪರು ಬಂದಿದ್ದರೆ ಪೈಪ್ ಹಾಕುವ ಮುಂಚೆಯೇ ಡಾಕ್ಟರಿಗೆ ಹೇಳಿ.